ಪೈಲ್ ಹೊಡೆದರೆ ಜೇಡಿ ಮಣ್ಣು ಗಟ್ಟಿಯಾಗುತ್ತಾ, ಹಾಳಾಗುತ್ತಾ?

ಪ್ರಶ್ನೆ: ಉಡುಪಿ ಜಿಲ್ಲೆಯ ಅಳಿವೆಯೊಂದರ ಹತ್ತಿರ, ಹೊಳೆ ದಂಡೆಯಲ್ಲಿ ಗೋದಾಮಿನ ಅಡಿಪಾಯಕ್ಕೆ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಂಬ, ಹೊಡೆಯುತ್ತಿದ್ದೇವೆ. ನಾನು ಸೈಟ್ ಎಂಜಿನಿಯರ್. 300 ಮಿಲಿಮೀಟರ್ ಚೌಕದ, ಮೊದಲೇ ಎರಕ ಹೊಯ್ದ ಪ್ರಿಕಾಸ್ಟ್ ಕಾಂಕ್ರೀಟ್ ಪೈಲ್, 15 ಮೀಟರ್ ಉದ್ದ, ಒಟ್ಟು ನೂರು. ಮಣ್ಣು ಪೂರ್ತಿ ಕಪ್ಪು ಕೆಸರಿನಂಥ ಜೇಡಿ. ಹೊಡೆಯುವಾಗ ಪೈಲ್ ಸರಸರ ಇಳಿಯುತ್ತದೆ. ಆದರೆ ಹ್ಯಾಮರ್ ಕೆಟ್ಟು ಅರ್ಧಕ್ಕೆ ನಿಂತಿದ್ದ ಒಂದು ಪೈಲನ್ನು ಎರಡು ದಿನ ಬಿಟ್ಟು ಹೊಡೆದರೆ ಅಲುಗಾಡಲೇ ಇಲ್ಲ. ಕಾಂಟ್ರ್ಯಾಕ್ಟರ್ 'ಹೊಡೆದು ಹೊಡೆದು ಮಣ್ಣು ಗಟ್ಟಿಯಾಗಿದೆ' ಅನ್ನುತ್ತಾರೆ. ಕನ್ಸಲ್ಟೆಂಟ್ 'ಹೊಡೆದು ಮಣ್ಣಿನ ಬಲವನ್ನೇ ಹಾಳು ಮಾಡಿದ್ದೀರಿ' ಅನ್ನುತ್ತಾರೆ. ಮಾಲೀಕರಿಗೆ ಮುಂದಿನ ವಾರವೇ ಲೋಡ್ ಟೆಸ್ಟ್, ಅಂದರೆ ಪೈಲ್ ಮೇಲೆ ಭಾರ ಹಾಕಿ ನೋಡುವುದು, ಆಗಬೇಕಂತೆ. ಯಾರ ಮಾತು ಸರಿ ಸರ್?

ಉತ್ತರ: ಇಬ್ಬರದ್ದೂ ಅರ್ಧರ್ಧ ಸರಿ. ಕನ್ಸಲ್ಟೆಂಟ್ ಹೇಳುತ್ತಿರುವುದು ಹೊಡೆದ ದಿನದ ಕಥೆ. ಕಾಂಟ್ರ್ಯಾಕ್ಟರ್ ಕಂಡದ್ದು ಎರಡು ದಿನ ಕಳೆದ ಮೇಲಿನ ಕಥೆ, ಆದರೆ ಅವರು ಕೊಟ್ಟ ಕಾರಣ ತಪ್ಪು. ನೀರು ತುಂಬಿದ ಜೇಡಿ ಮಣ್ಣು ಹೊಡೆತದಿಂದ ಗಟ್ಟಿಯಾಗುವುದಿಲ್ಲ. ಹೊಡೆತದಿಂದ ಅದು ಕೆಡುತ್ತದೆ. ಹೊಡೆತ ನಿಂತ ಮೇಲೆ, ನೀರು ಹಿಂಡಿ ಹೋಗುತ್ತಾ ಹೋಗುತ್ತಾ, ತಾನಾಗಿ ಗಟ್ಟಿಯಾಗುತ್ತದೆ. ಹಾಗಾಗಿ ನಿಮ್ಮ ಸೈಟಿನಲ್ಲಿ ಬಲ ಎಷ್ಟು ಅಂತ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, ಯಾವ ದಿನದ್ದು ಅಂತ.

ಹೊಡೆದು ಗಟ್ಟಿ ಮಾಡುವ ನಂಬಿಕೆ ಬಂದದ್ದು ಮರಳಿನಿಂದ. ಸಡಿಲ ಮರಳಿನಲ್ಲಿ ಪೈಲ್ ಇಳಿಸಿದರೆ ಕಾಳುಗಳು ಒತ್ತಿಕೊಂಡು ಕೂರುತ್ತವೆ, ನಡುವಿನ ನೀರು ಆ ಕ್ಷಣವೇ ಹೊರಗೆ ಹೋಗುತ್ತದೆ, ಸುತ್ತಲಿನ ನೆಲ ನಿಜವಾಗಿಯೂ ಬಿಗಿಯಾಗುತ್ತದೆ. ಜೇಡಿಯಲ್ಲಿ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಅದರಲ್ಲಿ ನೀರು ಹರಿಯುವ ವೇಗ ಎಷ್ಟು ಕಡಿಮೆ ಅಂದರೆ, ಪೈಲ್ ಇಳಿಯುವ ಅರ್ಧ ಗಂಟೆಯಲ್ಲಿ ಒಂದು ಹನಿಯೂ ಜಾಗ ಬಿಡುವುದಿಲ್ಲ ಅಂದುಕೊಂಡರೂ ಲೆಕ್ಕ ತಪ್ಪುವುದಿಲ್ಲ. ನೀರು ಹೋಗದಿದ್ದರೆ ಮಣ್ಣು ಕುಗ್ಗುವುದೂ ಇಲ್ಲ. ಹಾಗಾದರೆ ನೀವು ಒಳಗೆ ತೂರಿಸಿದ 1.35 ಘನ ಮೀಟರ್ ಕಾಂಕ್ರೀಟಿಗೆ ಜಾಗ ಎಲ್ಲಿಂದ ಬಂತು? ಅಷ್ಟೇ ಮಣ್ಣು ಪಕ್ಕಕ್ಕೂ ಮೇಲಕ್ಕೂ ಸರಿಯಿತು. ಈ ಸರಿಯುವಿಕೆಯಲ್ಲೇ ಎಲ್ಲ ತಾಪತ್ರಯ ಇರುವುದು.

ಮೊದಲನೆಯದು, ಮಣ್ಣಿನ ಕಟ್ಟು ಒಡೆಯುತ್ತದೆ. ಸಮುದ್ರ, ಅಳಿವೆಗಳ ತಳದಲ್ಲಿ ಸಾವಿರಾರು ವರ್ಷ ನಿಧಾನವಾಗಿ ಕೂತ ಜೇಡಿಯಲ್ಲಿ ಕಣಗಳು ಒಂದಕ್ಕೊಂದು ಒರಗಿಕೊಂಡು, ನಡುವೆ ಬೇಕಾದಷ್ಟು ನೀರು ಇಟ್ಟುಕೊಂಡು, ಒಂದು ಕಟ್ಟು ಮಾಡಿಕೊಂಡಿರುತ್ತವೆ. ಹೆಪ್ಪಾದ ಮೊಸರಿಗೆ ಸೌಟು ಹಾಕಿ ಕಲಕಿದ ಹಾಗೆ, ಪೈಲ್ ಉಜ್ಜಿಕೊಂಡು ಇಳಿದ ಕಡೆ ಆ ಕಟ್ಟು ಹೋಗುತ್ತದೆ. ನೀರು ಅಷ್ಟೇ, ಕಣ ಅಷ್ಟೇ, ಬಲ ಮಾತ್ರ ಇಲ್ಲ. ಪೈಲಿನ ಮೈಗೆ ತಾಗಿದ ಮಣ್ಣು ಪೂರ್ತಿ ಕಲಸಿಹೋಗಿರುತ್ತದೆ. ಒಂದೂವರೆ, ಎರಡು ಪೈಲ್ ಅಗಲದಷ್ಟು ದೂರ ಹೋದರೆ ಕಲಸಿದ್ದು ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ.

ಕಲಸಿದಾಗ ಬಲ ಎಷ್ಟು ಇಳಿಯುತ್ತದೆ ಅನ್ನುವುದು ಎಲ್ಲ ಜೇಡಿಗೂ ಒಂದೇ ಅಲ್ಲ. ಇದಕ್ಕೆ ವೇನ್ ಟೆಸ್ಟ್ ಇದೆ, ಐಎಸ್ 4434 ಎಂಬ ಭಾರತೀಯ ಮಾನಕದಲ್ಲಿ ವಿಧಾನ ಕೊಟ್ಟಿದ್ದಾರೆ. ನಾಲ್ಕು ರೆಕ್ಕೆಯ ವೇನನ್ನು ಮಣ್ಣಿಗೆ ಇಳಿಸಿ ತಿರುಗಿಸಿದರೆ ಮೊದಲು ಮುರಿಯದ ಮಣ್ಣಿನ ಬಲ ಸಿಗುತ್ತದೆ. ಆಮೇಲೆ ಜೋರಾಗಿ ಹಲವು ಸುತ್ತು ತಿರುಗಿಸಿ ಮಣ್ಣನ್ನು ಕಲಸಿ, ಮತ್ತೆ ಅಳೆದರೆ ಕಲಸಿದ ಮಣ್ಣಿನ ಬಲ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಸೆನ್ಸಿಟಿವಿಟಿ. ಸಾಮಾನ್ಯ ಜೇಡಿಗಳಲ್ಲಿ ಇದು 2ರಿಂದ 4. ಅದಕ್ಕಿಂತ ಜಾಸ್ತಿ ಬಂದರೆ ಸೂಕ್ಷ್ಮ ಮಣ್ಣು. ನಾರ್ವೆ, ಸ್ವೀಡನ್, ಪೂರ್ವ ಕೆನಡಾದ ಕ್ವಿಕ್ ಕ್ಲೇಗಳಲ್ಲಿ ನೂರು ದಾಟುವುದೂ ಉಂಟು, ಅಲ್ಲಿ ಕಲಸಿದ ಮಣ್ಣನ್ನು ಲೋಟದಿಂದ ಸುರಿಯಬಹುದು. ನಿಮ್ಮ ಮಣ್ಣು ಪರೀಕ್ಷೆ ರಿಪೋರ್ಟಿನಲ್ಲಿ ವೇನ್ ಟೆಸ್ಟ್ ಇದ್ದರೆ ಎರಡೂ ಅಂಕಿ ಇದೆಯಾ ನೋಡಿ. ಬಹಳಷ್ಟು ರಿಪೋರ್ಟುಗಳಲ್ಲಿ ಮೊದಲನೆಯದನ್ನು ಮಾತ್ರ ಬರೆದು ಕೈತೊಳೆದುಕೊಂಡಿರುತ್ತಾರೆ. ಪೈಲ್ ಹೊಡೆಯುವವರಿಗೆ ಎರಡನೆಯದೇ ಮುಖ್ಯ.

ಎರಡನೆಯದು, ನೀರಿನ ಒತ್ತಡ. ನನ್ನ ಪ್ರಕಾರ ಕಟ್ಟು ಒಡೆಯುವುದಕ್ಕಿಂತ ಇದು ದೊಡ್ಡ ವಿಷಯ, ಆದರೆ ಕಣ್ಣಿಗೆ ಕಾಣದ್ದರಿಂದ ಸೈಟಿನಲ್ಲಿ ಯಾರೂ ಮಾತಾಡುವುದಿಲ್ಲ. ಪೈಲ್ ಮಣ್ಣನ್ನು ಪಕ್ಕಕ್ಕೆ ತಳ್ಳುವಾಗ ಆ ಒತ್ತಡವನ್ನೆಲ್ಲ ಹೊರುವುದು ಮಣ್ಣಿನ ಕಣವಲ್ಲ, ಒಳಗೆ ಸಿಕ್ಕಿಕೊಂಡ ನೀರು. ಮಣ್ಣಿನ ಶಿಯರ್ ಬಲದ, ಅಂದರೆ ವೇನ್ ಟೆಸ್ಟಿನಲ್ಲಿ ಮೊದಲು ಸಿಕ್ಕ ಬಲದ, ನಾಲ್ಕೈದು ಪಟ್ಟು ಹೆಚ್ಚುವರಿ ಒತ್ತಡ ಪೈಲಿನ ಮೈಹತ್ತಿರ ಹುಟ್ಟುತ್ತದೆ ಅಂತ ಲೆಕ್ಕ ಹೇಳುತ್ತದೆ. ನಿಮ್ಮ ಮಣ್ಣಿನ ಬಲ 20 ಕಿಲೋಪಾಸ್ಕಲ್ ಅಂತ ಇಟ್ಟುಕೊಳ್ಳಿ, ಅಳಿವೆ ಕೆಸರಿಗೆ ಇದು ತೀರಾ ಕಡಿಮೆಯೇನಲ್ಲ. ಆಗ ಹೆಚ್ಚುವರಿ ಒತ್ತಡ 90 ಕಿಲೋಪಾಸ್ಕಲ್ ಆಸುಪಾಸು. ಈಗ 10 ಮೀಟರ್ ಆಳದಲ್ಲಿ ಮಣ್ಣಿನ ಕಣಗಳು ಒಂದನ್ನೊಂದು ಒತ್ತುವ ಭಾರ, ಅಂದರೆ ನೀರಿನ ತೇಲಿಸುವಿಕೆ ಕಳೆದು ಉಳಿದದ್ದು, ಇಂಥ ಹಗುರ ಮಣ್ಣಿನಲ್ಲಿ 55 ಕಿಲೋಪಾಸ್ಕಲ್ ಇರಬಹುದು. ಹೆಚ್ಚುವರಿ ನೀರಿನ ಒತ್ತಡವೇ ಅದಕ್ಕಿಂತ ಜಾಸ್ತಿಯಾಯಿತು ಅಲ್ವಾ? ಹಾಗಾಗಿ ಹೊಡೆಯುವ ಹೊತ್ತಿನಲ್ಲಿ ಕಣಗಳು ಪೈಲನ್ನು ಸರಿಯಾಗಿ ಹಿಡಿದೇ ಇರುವುದಿಲ್ಲ. ನಿಮ್ಮ ಪೈಲ್ ಸರಸರ ಇಳಿಯುವುದು ಇದಕ್ಕೇ. ಈ ಒತ್ತಡ ಕಲಸಿದ ಮಣ್ಣಿನ ಗಡಿಗೆ ನಿಲ್ಲುವುದಿಲ್ಲ, ಐದು ಪೈಲ್ ಅಗಲದ ದೂರದಲ್ಲೂ ಗೊತ್ತಾಗುತ್ತದೆ, ಕೆಲವೊಮ್ಮೆ ಅದಕ್ಕೂ ಆಚೆ. ನೀವು ಪೈಲುಗಳನ್ನು ಪೈಲಿನ ಅಗಲದ ಮೂರು ಪಟ್ಟು ಅಂತರದಲ್ಲಿ ಹೊಡೆಯುತ್ತಿದ್ದರೆ ಒಂದರ ಒತ್ತಡದ ಮೇಲೆ ಇನ್ನೊಂದರದ್ದು ಕೂರುತ್ತಾ ಹೋಗುತ್ತದೆ.

ಇನ್ನು ಬಲ ತಿರುಗಿ ಬರುವ ಕಥೆ. ಹೊಡೆತ ನಿಂತ ಕ್ಷಣದಿಂದ ನೀರು ಪೈಲಿನ ಮೈಯಿಂದ ಹೊರಮುಖವಾಗಿ ನಿಧಾನಕ್ಕೆ ಹರಿಯತೊಡಗುತ್ತದೆ. ಒತ್ತಡ ಇಳಿದಷ್ಟೂ ಕಣಗಳು ಹತ್ತಿರವಾಗುತ್ತವೆ, ನೀರಿನ ಅಂಶ ಕಡಿಮೆಯಾಗುತ್ತದೆ, ಪೈಲನ್ನು ಪಕ್ಕದಿಂದ ಒತ್ತುವ ಬಲ ಏರುತ್ತದೆ. ಮೆತ್ತನೆಯ ಜೇಡಿಯಲ್ಲಿ ಕೊನೆಗೆ ಪೈಲಿಗೆ ಅಂಟಿದ ಮಣ್ಣು ಮೊದಲಿಗಿಂತಲೂ ಗಟ್ಟಿಯಾಗುವುದು ಸಾಮಾನ್ಯ. ಎಷ್ಟೋ ಸಲ ಹಳೆ ಪೈಲನ್ನು ಕಿತ್ತಾಗ ಸುತ್ತ ಒಂದು ಪದರ ಜೇಡಿ ಅಂಟಿಕೊಂಡೇ ಬರುತ್ತದೆ, ಅಂದರೆ ಮುರಿದದ್ದು ಪೈಲ್ ಮತ್ತು ಮಣ್ಣಿನ ನಡುವೆ ಅಲ್ಲ, ಸ್ವಲ್ಪ ಆಚೆಯ ಮೊದಲಿನ ಮಣ್ಣಿನಲ್ಲಿ. ಇದರ ಜೊತೆಗೆ, ನೀರಿನ ಅಂಶ ಬದಲಾಗದಿದ್ದರೂ ಸುಮ್ನೆ ಬಿಟ್ಟರೆ ಕಲಸಿದ ಜೇಡಿ ಸ್ವಲ್ಪ ಬಿಗಿಯಾಗುತ್ತದೆ. ನೆಲ ಕೊರೆದು ಹಾಕುವ ಬೋರ್ಡ್ ಪೈಲ್ ಸೈಟಿನಲ್ಲಿ ಬೆಂಟೊನೈಟ್ ಜೇಡಿಪುಡಿಯನ್ನು ನೀರಲ್ಲಿ ಕಲಸಿಟ್ಟದ್ದು ಬೆಳಗಾಗುವುದರೊಳಗೆ ಗಟ್ಟಿಯಾಗಿ ಕೂರುವುದನ್ನು ನೀವು ನೋಡಿರಬಹುದು, ಅದೇ ಗುಣ.

ಈ ಜಗಳ ನಿಮ್ಮ ಸೈಟಿನಲ್ಲಿ ಮೊದಲ ಸಲ ಆಗುತ್ತಿರುವುದಲ್ಲ. 1932ರಲ್ಲಿ ಮಣ್ಣಿನ ಎಂಜಿನಿಯರ್ ಆರ್ಥರ್ ಕಾಸಗ್ರಾಂಡೆ ಅವರು ಜೇಡಿಯ ಕಟ್ಟಿನ ಬಗ್ಗೆ ಬರೆಯುತ್ತಾ, ಪೈಲ್ ಹೊಡೆದು ಅದನ್ನು ಕೆಡಿಸುವುದರ ಅಪಾಯ ಹೇಳಿದರು. ಮೆತ್ತನೆಯ ಜೇಡಿಯಲ್ಲಿ ಪೈಲ್ ಹೊಡೆಯುವುದೇ ತಪ್ಪೇನೋ ಅನ್ನುವಷ್ಟು ಅದರ ಪ್ರಭಾವ ಆಯಿತು. ಆಮೇಲೆ 1950ರಲ್ಲಿ ಕಮ್ಮಿಂಗ್ಸ್, ಕೆರ್ಕಾಫ್, ಪೆಕ್ ಮೂವರು ನಿಜವಾದ ಪೈಲುಗಳ ನಡುವಿನ ಮಣ್ಣಿನ ಬಲವನ್ನೇ ಕಾಲಕಾಲಕ್ಕೆ ಅಳೆದು, ಕಳೆದುಕೊಂಡ ಬಲ ತಿಂಗಳುಗಳಲ್ಲಿ ತಿರುಗಿ ಬರುತ್ತದೆ ಅಂತ ತೋರಿಸಿದರು. 1957ರಲ್ಲಿ ಸೀಡ್ ಮತ್ತು ರೀಸ್ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕೆಸರಿನಲ್ಲಿ ಆರು ಇಂಚಿನ ಒಂದು ಉಕ್ಕಿನ ಪೈಲ್ ಇಳಿಸಿ, ಅದೇ ಪೈಲಿಗೆ ಮತ್ತೆ ಮತ್ತೆ ಭಾರ ಹಾಕಿದರು. ಹೊಡೆದ ಕೆಲವು ಗಂಟೆಗೆ ಹೊತ್ತ ಭಾರಕ್ಕೂ ಸುಮಾರು ಒಂದು ತಿಂಗಳ ಮೇಲೆ ಹೊತ್ತ ಭಾರಕ್ಕೂ ಐದು ಪಟ್ಟು ವ್ಯತ್ಯಾಸ! ಪೈಲ್ ಅದೇ, ಜಾಗ ಅದೇ.

ನಿಮ್ಮ ಪೈಲಿಗೆ ಲೆಕ್ಕ ಹಾಕೋಣ. ಸುತ್ತಳತೆ 1.2 ಮೀಟರ್, ಉದ್ದ 15 ಮೀಟರ್, ಬಲ 20 ಕಿಲೋಪಾಸ್ಕಲ್. ಮೈಯ ಹಿಡಿತ 360 ಕಿಲೋನ್ಯೂಟನ್, ಅಂದರೆ 36 ಟನ್. ತುದಿಯಿಂದ ಸಿಗುವುದು ಒಂದೂವರೆ ಟನ್ ಆಸುಪಾಸು, ಅದನ್ನು ಮರೆತರೂ ನಷ್ಟವಿಲ್ಲ. ಸೆನ್ಸಿಟಿವಿಟಿ 4 ಅಂದುಕೊಂಡರೆ ಹೊಡೆಯುವ ಹೊತ್ತಿನಲ್ಲಿ ಮೈಯ ಹಿಡಿತ 9 ಟನ್. ಹ್ಯಾಮರಿಗೆ ಕಂಡದ್ದು ಆ 9 ಟನ್, ನಾಳೆ ಗೋದಾಮಿಗೆ ಸಿಗುವುದು 36. ಬ್ಲೋ ಕೌಂಟ್ (ಹೊಡೆತಗಳ ಎಣಿಕೆ) ನೋಡಿ, ಹೊಡೆತಕ್ಕೆ ಪೈಲ್ ಎಷ್ಟು ಇಳಿಯಿತು ಅನ್ನುವುದರಿಂದ ಬಲ ತೆಗೆಯುವ ಹೈಲಿ ಫಾರ್ಮುಲಾ ಹಾಕಿ, 'ಸೆಟ್ ಬಂದಿಲ್ಲ (ಇಳಿಯುವುದು ಬೇಕಾದಷ್ಟು ಕಡಿಮೆಯಾಗಿಲ್ಲ), ಇನ್ನೂ ಐದು ಮೀಟರ್ ಹೊಡಿ' ಅನ್ನುವವರು ಜೇಡಿಯಲ್ಲಿ ಸುಮ್ನೆ ದುಡ್ಡು ಹೂಳುತ್ತಾರೆ. ಪೈಲುಗಳ ಭಾರತೀಯ ಮಾನಕ ಐಎಸ್ 2911 ಕೂಡ ಇಂಥ ಫಾರ್ಮುಲಾಗಳನ್ನು ನೀರು ತುಂಬಿದ ಜೇಡಿಗೆ ನೇರವಾಗಿ ಹಾಕಬೇಡಿ ಅನ್ನುತ್ತದೆ. ಹೊಡೆತಕ್ಕೆ ತುದಿಯ ತಡೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಮೈಯ ಹಿಡಿತ ಕಡಿಮೆ ಕಾಣುತ್ತದೆ, ಎರಡೂ ಸುಳ್ಳು. ಎರಡು ಸುಳ್ಳು ಸೇರಿ ಒಂದು ನಿಜ ಆಗುವುದಿಲ್ಲವಲ್ಲ.

ಎಷ್ಟು ದಿನ ಕಾಯಬೇಕು? ಇದು ಮುಖ್ಯವಾಗಿ ಎರಡರ ಮೇಲೆ ನಿಂತಿದೆ. ಒಂದು, ಮಣ್ಣಿನಲ್ಲಿ ಒತ್ತಡ ಕರಗುವ ವೇಗ, ಅದನ್ನು ಲ್ಯಾಬಿನಲ್ಲಿ ಮಣ್ಣನ್ನು ಒತ್ತಿ ನೀರು ಹಿಂಡುವ ಕನ್ಸಾಲಿಡೇಶನ್ ಟೆಸ್ಟಿನಿಂದ ತೆಗೆಯುತ್ತಾರೆ. ಇನ್ನೊಂದು ಪೈಲಿನ ದಪ್ಪ, ಅದೂ ದಪ್ಪದ ವರ್ಗ. ಆ ವೇಗ ವರ್ಷಕ್ಕೆ 3 ಚದರ ಮೀಟರ್ ಅಂತ ಹಿಡಿದರೆ, ನಿಮ್ಮ 300 ಮಿಲಿಮೀಟರ್ ಪೈಲಿನ ಸುತ್ತ ಒತ್ತಡದ ಮುಕ್ಕಾಲು ಪಾಲು ಇಳಿಯಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಅದೇ 600 ಮಿಲಿಮೀಟರ್ ಆದರೆ ಎರಡು ತಿಂಗಳಲ್ಲ, ನಾಲ್ಕು. 1200 ಮಿಲಿಮೀಟರಿನ, ತುದಿ ಮುಚ್ಚಿದ ಪೈಪ್ ಪೈಲ್ ಆದರೆ ವರ್ಷ ದಾಟುತ್ತದೆ. ಒಂದು ಸೈಟಿನಲ್ಲಿ 'ಎರಡು ವಾರ ಸಾಕಾಯಿತು' ಅಂತ ಕೇಳಿಕೊಂಡು ಬಂದು ಇನ್ನೊಂದು ಸೈಟಿನಲ್ಲಿ ಅದನ್ನೇ ಹೇಳುವವರು ಪೈಲಿನ ದಪ್ಪ ಕೇಳಿರುವುದಿಲ್ಲ. ನಡುವೆ ಮರಳಿನ ತೆಳು ಪದರಗಳಿದ್ದರೆ ಬೇಗ ಆಗುತ್ತದೆ. ನೂರು ಪೈಲಿನ ಗುಂಪಿನ ನಡುಮಧ್ಯದಲ್ಲಿ ನಿಧಾನ, ಅಲ್ಲಿನ ನೀರಿಗೆ ಹೋಗಬೇಕಾದ ದಾರಿ ಉದ್ದ.

ನಿಮ್ಮ ಅರ್ಧಕ್ಕೆ ನಿಂತ ಪೈಲಿನ ಗುಟ್ಟೂ ಇದೇ. ಎರಡು ದಿನದಲ್ಲಿ ಪೂರ್ತಿ ಬಲ ಬಂದಿರುವುದಿಲ್ಲ, ಆದರೆ ಮೊದಮೊದಲು ಏರಿಕೆ ಜೋರಾಗಿರುತ್ತದೆ, ಕಲಸಿದ ಬಲದ ಎರಡು ಪಟ್ಟಾದರೂ ಆಗಿರಬಹುದು. ಹ್ಯಾಮರ್ ಸಣ್ಣದಿದ್ದರೆ ಅಷ್ಟು ಸಾಕು, ಪೈಲ್ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹಟ ಹಿಡಿದು ಅದರ ತಲೆ ಒಡೆಯಬೇಡಿ. ಭಾರದ ಹ್ಯಾಮರ್ ತಂದು, ಕಡಿಮೆ ಎತ್ತರದಿಂದ ಬಿಟ್ಟು ಮೊದಲ ಕೆಲವು ಸೆಂಟಿಮೀಟರ್ ಕದಲಿಸಿದರೆ ಮಣ್ಣು ಮತ್ತೆ ಕಲಸಿ ಮುಂದೆ ಸಲೀಸಾಗುತ್ತದೆ. ಇನ್ನು ಮೇಲೆ ಊಟಕ್ಕೆ, ಜಾಯಿಂಟ್ ವೆಲ್ಡಿಂಗಿಗೆ, ಸಂಜೆಗೆ ಅಂತ ಪೈಲನ್ನು ಜೇಡಿಯ ನಡುವೆ ನಿಲ್ಲಿಸಬೇಡಿ. ಶುರು ಮಾಡಿದ್ದನ್ನು ಅವತ್ತೇ ಮುಗಿಸಿ.

ಇಷ್ಟು ಓದಿ ಕಾಂಟ್ರ್ಯಾಕ್ಟರ್ ಗೆದ್ದರು ಅಂದುಕೊಳ್ಳಬೇಡಿ. ಕನ್ಸಲ್ಟೆಂಟ್ ಹೆದರುವುದಕ್ಕೆ ಬೇರೆ ಕಾರಣಗಳೂ ಇವೆ, ನಿಮ್ಮ ಜಾಗದಲ್ಲಿ ನಾನಿದ್ದರೂ ಹೆದರುತ್ತಿದ್ದೆ.

ನಿಮ್ಮದು ಹೊಳೆ ದಂಡೆ. ನೂರು ಪೈಲ್ ಅಂದರೆ 135 ಘನ ಮೀಟರ್ ಮಣ್ಣು ಎಲ್ಲಿಗಾದರೂ ಹೋಗಲೇಬೇಕು. ಗೋದಾಮಿನ ಜಾಗ 25ಕ್ಕೆ 20 ಮೀಟರ್ ಅಂದುಕೊಂಡರೆ, ಎಲ್ಲವೂ ಅಲ್ಲೇ ಮೇಲೆದ್ದರೆ ನೆಲ 27 ಸೆಂಟಿಮೀಟರ್ ಏರಬೇಕು. ಸಾಮಾನ್ಯವಾಗಿ ಅರ್ಧದಷ್ಟು ಒಳಗೇ ಉಬ್ಬುತ್ತದೆ, ಉಳಿದದ್ದು ಹೊರಗೆ ಹೋಗುತ್ತದೆ. ಹೊರಗೆ ಅಂದರೆ ಪಕ್ಕದವರ ಕಾಂಪೌಂಡಿನ ಕೆಳಗೆ, ಇಲ್ಲವೇ ಹೊಳೆಯ ಕಡೆಗೆ. ಹೊಳೆಯ ಕಡೆ ಎದುರು ಒತ್ತುವವರು ಯಾರೂ ಇಲ್ಲ, ಆದ್ದರಿಂದ ಅತ್ತ ಸರಿಯುವುದು ಸುಲಭ. ಜೊತೆಗೆ ದಂಡೆಯ ಇಳಿಜಾರಿನೊಳಗೆ ನೀರಿನ ಒತ್ತಡ ಏರಿ ಮಣ್ಣಿನ ಹಿಡಿತ ಸಡಿಲವಾಗಿರುತ್ತದೆ. ಸ್ವೀಡನ್ನಿನ ಗೋಟಾ ನದಿ ದಂಡೆಯ ಸುರ್ಟೆ ಎಂಬಲ್ಲಿ 1950ರ ಸೆಪ್ಟೆಂಬರಿನಲ್ಲಿ ಮನೆಗಳ ಸಮೇತ ನೆಲ ನದಿಯತ್ತ ಜಾರಿತು. ಆ ಹೊತ್ತಿಗೆ ಅಲ್ಲಿ ಪೈಲ್ ಹೊಡೆಯುತ್ತಿದ್ದರು, ಜಾರಿಕೆಗೆ ಅದೇ ನೆಪವಾಯಿತು ಅಂತ ಎಂಜಿನಿಯರುಗಳಲ್ಲಿ ಬಹಳ ಮಾತಿದೆ. ನಮ್ಮ ಕರಾವಳಿಯ ಜೇಡಿ ಅಷ್ಟು ಸೂಕ್ಷ್ಮದ್ದಲ್ಲ, ಆದರೆ ದಂಡೆ ಮೇಲೆ ಮೊರಮ್ ತುಂಬಿ, ಅದರ ಮೇಲೆ ಪೈಲ್ ಹೊಡೆಯುವ ರಿಗ್ ನಿಲ್ಲಿಸಿ, ಮಳೆಗಾಲದಲ್ಲಿ ದಿನಕ್ಕೆ ಹತ್ತು ಪೈಲ್ ಹೊಡೆದರೆ ಯಾವ ಜೇಡಿಯೂ ಮರ್ಯಾದೆ ಇಡುವುದಿಲ್ಲ. ಹೊಳೆಗೆ ಹತ್ತಿರದ ಸಾಲನ್ನು ಮೊದಲು ಹೊಡೆದು ಒಳಕ್ಕೆ ಬನ್ನಿ, ಮಣ್ಣು ಹೊಳೆಯಿಂದ ದೂರಕ್ಕೆ ಸರಿಯಲಿ. ಪಕ್ಕದಲ್ಲಿ ಮನೆ ಇದ್ದರೂ ಇದೇ ನಿಯಮ. ಎರಡೂ ಇದ್ದರೆ ಮೇಲಿನ ಕೆಲವು ಮೀಟರ್ ಮೊದಲೇ ತೋಡಿ ಮಣ್ಣು ಹೊರಗೆ ತೆಗೆದು ಆಮೇಲೆ ಹೊಡೆಯುವುದು ಒಳ್ಳೆಯದು, ಖರ್ಚು ಜಾಸ್ತಿಯಾದರೂ.

ಉಬ್ಬುವ ನೆಲ ಈಗಾಗಲೇ ಹೊಡೆದ ಪೈಲನ್ನೂ ಎತ್ತುತ್ತದೆ. ನಿಮ್ಮದು ಮೈ ಹಿಡಿತದ ಪೈಲ್ ಆದ್ದರಿಂದ ಅಷ್ಟೇನೂ ಚಿಂತೆಯಿಲ್ಲ, ತುದಿ ಬಂಡೆ ಮೇಲೆ ಕೂರುವ ಪೈಲ್ ಆಗಿದ್ದರೆ ಎದ್ದದ್ದನ್ನು ಮತ್ತೆ ಹೊಡೆದು ಕೂರಿಸಲೇಬೇಕಿತ್ತು. ಆದರೂ ಪ್ರತಿ ಪೈಲಿನ ತಲೆಯ ಲೆವೆಲ್ ಹೊಡೆದ ಕೂಡಲೇ ಒಂದು ಸಲ, ಅಕ್ಕಪಕ್ಕ ಎಲ್ಲ ಮುಗಿದ ಮೇಲೆ ಒಂದು ಸಲ ತೆಗೆದು ಬರೆದಿಡಿ. ಎರಡು ತುಂಡು ಜೋಡಿಸಿದ ಪೈಲ್ ಆದರೆ ಜಾಯಿಂಟ್ ಎಳೆತಕ್ಕೆ ಬಿಟ್ಟಿರಬಹುದು.

ಕೊನೆಯ ತಾಪತ್ರಯ ನಿಧಾನವಾಗಿ ಬರುವಂಥದ್ದು. ಉಬ್ಬಿದ, ಕಲಸಿದ ಮಣ್ಣು ನೀರು ಬಿಟ್ಟುಕೊಂಡು ತಿರುಗಿ ಕುಸಿಯುತ್ತದೆ. ಕುಸಿಯುವಾಗ ಪೈಲನ್ನು ಕೆಳಕ್ಕೆ ಎಳೆಯುತ್ತದೆ. ಇದರ ಮೇಲೆ ನೀವು ನೆಲ ಎತ್ತರಿಸಲು ಮಣ್ಣು ತುಂಬಿದ್ದರಂತೂ ಎಳೆತ ಇನ್ನೂ ಜಾಸ್ತಿ. ಗೋದಾಮಿನ ಕಂಬಗಳು ನಿಂತಲ್ಲೇ ಇದ್ದು, ನಡುವಿನ ಫ್ಲೋರ್ ತಗ್ಗಿಹೋಗಿರುವುದನ್ನು ಕರಾವಳಿಯಲ್ಲಿ ಓಡಾಡಿದವರು ನೋಡಿಯೇ ಇರುತ್ತಾರೆ. ಫ್ಲೋರನ್ನೂ ಪೈಲ್ ಮೇಲೆ ಕೂರಿಸುತ್ತಾರಾ, ನೆಲದ ಮೇಲಾ ಅಂತ ಡಿಸೈನ್ ಮಾಡಿದವರನ್ನು ಈಗಲೇ ಕೇಳಿ.

ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದೆಲ್ಲ ಮೆತ್ತನೆಯ, ನೀರು ತುಂಬಿದ ಜೇಡಿಗೆ. ಗಟ್ಟಿ ಜೇಡಿಯಲ್ಲಿ ಕಥೆಯೇ ಬೇರೆ. ಅಲ್ಲಿ ಪೈಲ್ ಹೊಡೆದಾಗ ಬಿರುಕುಗಳು ಬಿಡುತ್ತವೆ, ಪೈಲ್ ಓಲಾಡಿ ಮೇಲಿನ ಭಾಗದಲ್ಲಿ ಸುತ್ತ ಸಂದಿಯಾಗುತ್ತದೆ, ಆ ಸಂದಿ ತಾನಾಗಿ ಮುಚ್ಚುವುದೂ ಇಲ್ಲ. ಮಣ್ಣಿನ ಬಲದ ಅರ್ಧವನ್ನೂ ಮೈ ಹಿಡಿತಕ್ಕೆ ನಂಬಲಾಗದ ಸಂದರ್ಭ ಇರುತ್ತದೆ, ಕೆಲವೊಮ್ಮೆ ದಿನ ಕಳೆದಂತೆ ಹಿಡಿತ ಏರುವ ಬದಲು ಇಳಿಯುತ್ತದೆ ಕೂಡ. ಧಾರವಾಡ, ಗದಗ, ವಿಜಯಪುರ ಕಡೆಯ ಎರೆ ನೆಲದಲ್ಲಿ ಯಾರೂ ಪೈಲ್ ಹೊಡೆಯದೆ, ತೋಡಿ ತಳ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ ಹಾಕುವುದು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವ ಅದರ ಗುಣಕ್ಕೆ. ನಿಮ್ಮ ಕಡೆಯೇ ಮುರಕಲ್ಲಿನ ಕೆಳಗೆ ಸಿಗುವ ಶೇಡಿ ಮಣ್ಣನ್ನೂ ಈ ಕೆಸರು ಜೇಡಿ ಜೊತೆ ಸೇರಿಸಬೇಡಿ. ಅದು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕುಸಿಯುವ ಜಾತಿ, ಅದಕ್ಕೆ ಬೇರೆ ಲೆಕ್ಕ.

ಇನ್ನು ಮಾಲೀಕರ ಲೋಡ್ ಟೆಸ್ಟ್. ಪೈಲಿಗೆ 15 ಟನ್ ಡಿಸೈನ್ ಮಾಡಿದ್ದರೆ, ಶುರುವಿನ ಟೆಸ್ಟಿಗೆ ಎರಡೂವರೆ ಪಟ್ಟು, 37 ಟನ್ ಹತ್ತಿರ ಹಾಕಬೇಕು. ಎಂಟನೇ ದಿನಕ್ಕೆ ಆ ಪೈಲ್ 20, 25 ಟನ್ನಿಗೇ ಜಾರಿದರೆ ಆಶ್ಚರ್ಯವಿಲ್ಲ. ಆಗ ಎಲ್ಲರೂ ಗಾಬರಿಯಾಗಿ ಪೈಲ್ ಉದ್ದ ಮಾಡಲು ಹೊರಡುತ್ತಾರೆ. ಅವರಿಗೆ ಏನಾದರೂ ತೋರಿಸಲೇಬೇಕು ಅಂದರೆ ಮೊದಲೇ ಹೊಡೆದ ಎರಡು ಪೈಲನ್ನು ಬಿಟ್ಟಿಟ್ಟು, ಒಂದಕ್ಕೆ ಏಳನೇ ದಿನ ರೀಸ್ಟ್ರೈಕ್, ಅಂದರೆ ಮತ್ತೆ ಕೆಲವು ಹೊಡೆತ, ಮಾಡಿಸಿ. ಮೊದಲ ಐದು ಹೊಡೆತದ ಲೆಕ್ಕ ಮಾತ್ರ ಹಿಡಿಯಿರಿ, ಆಮೇಲಿನದ್ದೆಲ್ಲ ನೀವೇ ಮತ್ತೆ ಕಲಸಿದ ಮಣ್ಣಿನದ್ದು. ಹೊಡೆದ ದಿನದ ಕೊನೆಯ ಹೊತ್ತಿನ ಲೆಕ್ಕದ ಪಕ್ಕ ಅದನ್ನಿಟ್ಟರೆ ಏರಿಕೆ ಅವರಿಗೇ ಕಾಣುತ್ತದೆ. ಇನ್ನೊಂದು ಪೈಲನ್ನು ಯಾರೂ ಮುಟ್ಟದ ಹಾಗೆ ಕಾಯ್ದು, ಸಾಧ್ಯವಾದರೆ ಅದರಿಂದ ಒಂದು ಮೀಟರ್ ದೂರಕ್ಕೆ ಮಣ್ಣೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಇಳಿಸಿ, ನೀರಿನ ಒತ್ತಡ ಇಳಿದು ಸಮವಾಗುತ್ತಾ ಬಂದ ಮೇಲೆ ಲೋಡ್ ಟೆಸ್ಟ್ ಮಾಡಿ. ಪೀಜೋಮೀಟರಿಗೆ ದುಡ್ಡಿಲ್ಲ ಅಂದರೆ ಕಡಿಮೆ ಅಂದರೂ ನಾಲ್ಕೈದು ವಾರ ಬಿಡಿ, ಅಕ್ಕಪಕ್ಕದಲ್ಲಿ ಕೊನೆಯ ಪೈಲ್ ಹೊಡೆದ ದಿನದಿಂದ ಎಣಿಸಿ.